ಎಂಟು ಸೇರು ಹಾಡು, ಮೇಲೊಂದು ಕೊಸರು

ಹಾಡನ್ನು ಕಿವಿಯಿಂದ ಕೇಳುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಹಾಡನ್ನು ಸೇರಿನಿಂದ ಅಳೆಯುವವರನ್ನು ನೋಡಿದ್ದೀರೇನು? ಇಲ್ಲವಾದರೆ ಕೊಟ್ಟೂರಿಗೆ ಬರ್ರಿ, ನಮ್ಮ ಸೋದರಮಾವನನ್ನು ತೋರಿಸುತ್ತೇನೆ. ನೋಡುವುದಕ್ಕೆ ಟಿಕೆಟ್ಟಿಲ್ಲ, ಆದರೆ ಒಮ್ಮೆ ಮಾತಿಗೆ ಕುಂತರೆ ಎದ್ದು ಬರುವುದು ನಿಮ್ಮ ಕೈಯಲ್ಲಿಲ್ಲ!

ಮಾವನದು ಮಂಡಕ್ಕಿ ಭಟ್ಟಿ. ನಲವತ್ತು ವರ್ಷ ಕಾದ ಮರಳಿನ ಮುಂದೆ ನಿಂತು ನಿಂತು, ಲೋಕದ ಯಾವ ವಸ್ತು ಕಂಡರೂ ಅವನ ಬಾಯಿಂದ ಬರುವ ಮೊದಲ ಮಾತು ಒಂದೇ: "ಎಷ್ಟು ಸೇರು ಹಿಡಿತೈತಿ?" ನನಗೆ ಹೆಣ್ಣು ನೋಡಲು ಹೋದಾಗ ಎಲ್ಲರೂ ಹುಡುಗಿಯನ್ನು ನೋಡಿದರೆ, ಈತ ಅವರ ಪಡಸಾಲೆಯ ಮೂಲೆಯಲ್ಲಿದ್ದ ಹಿತ್ತಾಳೆ ಕೊಳಗ ನೋಡಿದ. ಎತ್ತಿ, ತಿರುವಿ, ಒಳಗೆ ಕೈ ಆಡಿಸಿ, "ಈ ಮನಿ ಅಳತಿ ಚಲೋ ಐತಿ. ಹೆಣ್ಣು ತಗೊಳ್ಳೂಣು" ಎಂದು ತೀರ್ಪು ಕೊಟ್ಟ. "ನಿಮ್ಮ ಮಾವ ಒಪ್ಪಿದ್ದು ನನ್ನ ಅಲ್ಲ, ನಮ್ಮಪ್ಪನ ಕೊಳಗ" ಎಂದು ನನ್ನ ಹೆಂಡತಿ ಇವತ್ತಿಗೂ ಸಾರಿಗೆ ಒಗ್ಗರಣೆ ಹಾಕುವಾಗ ನೆನಪು ಮಾಡುತ್ತಾಳೆ.

ಅಳತೆ ಒಂದು ಹುಚ್ಚಾದರೆ ಹಾಡು ಇನ್ನೊಂದು. ಅವನ ಉಡದಾರಕ್ಕೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಹಾಡಿನ ಡಬ್ಬಿಯೊಂದು ಸದಾ ನೇತಾಡುತ್ತಿತ್ತು. ಭಜನೆ, ತತ್ವಪದ, ಬಯಲಾಟದ ಪದ, ಒಲೆ ಹೊತ್ತಿದ ಕೂಡಲೇ ಶುರು. "ಹಾಡು ಇರಲಿಲ್ಲಂದ್ರ ಮಂಡಕ್ಕಿ ಉಬ್ಬಂಗಿಲ್ಲಲೇ ಅಳಿಯಾ. ಅಕ್ಕಿಗೂ ಒಂದು ಹುರುಪು ಬೇಕು" ಎಂಬುದು ಅವನ ಸಿದ್ಧಾಂತ. ಹಾಗಾದರೆ ಪಕ್ಕದ ಭಟ್ಟಿಯವನ ಮಂಡಕ್ಕಿ ಹಾಡಿಲ್ಲದೆ ಹೇಗೆ ಉಬ್ಬುತ್ತದೆ? ಕೇಳಿದೆ. "ನಂದು ಕೇಳಿ ಉಬ್ಬತೈತಿ!" ಎಂದ. ಇಂಥವನ ಜೊತೆ ವಾದ ಮಾಡುವುದು ಹೇಗೆ ಹೇಳಿ?

ಹೀಗಿರುವಾಗ ಒಂದು ದಿನ ಉಡದಾರ ಹರಿಯಿತು. ಡಬ್ಬಿ ನೆಟ್ಟಗೆ ಕಾದ ಮರಳಿನ ಬಾಣಲೆಗೆ ಬಿತ್ತು. ಮಾವನ ಕೈಗೆ ನಲವತ್ತು ವರ್ಷದ ರೂಢಿ, ಬಿದ್ದದ್ದು ಏನೆಂದು ನೋಡದೆ ನಾಲ್ಕು ಸಾರಿ ತಿರುವಿ, ಎತ್ತಿ ಜರಡಿಗೆ ಸುರಿದ. ಮಂಡಕ್ಕಿಯೆಲ್ಲ ಬೆಳ್ಳಗೆ ಅರಳಿತ್ತು. ನಡುವೆ ಡಬ್ಬಿ ಕರ್ರಗೆ ಮುದುರಿಕೊಂಡು ಕೂತಿತ್ತು. "ಈ ಅಕ್ಕಿಗೆ ಉಪ್ಪುನೀರು ಸಾಕಾಗಿಲ್ಲ" ಎಂದನಂತೆ ಮಾವ, ಮೊದಲು.

ಮೂರನೆಯ ದಿನ ನನ್ನ ಅಂಗಡಿಗೆ ಬಂದ, ಸಾವಿನ ಮನೆಯಿಂದ ಬಂದವರ ಮುಖ ಹೊತ್ತು. ನನ್ನದು ವೆಲ್ಡಿಂಗ್ ಅಂಗಡಿ. ಓದಿದ್ದು ಆರನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಆದರೆ ನಾನು ಬೆಸೆದ ಕಿಟಕಿಯನ್ನು ಕಳ್ಳ ಮುರಿಯಲಾರ, ನಾನು ನಿಲ್ಲಿಸಿದ ಗೇಟಿಗೆ ಟ್ರ್ಯಾಕ್ಟರ್ ಗುದ್ದಿದರೆ ರಿಪೇರಿಗೆ ಬರುವುದು ಟ್ರ್ಯಾಕ್ಟರೇ. ಅಷ್ಟು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

"ಒಂದು ಕಾಳೂ ನೆಟ್ಟಗ ಉಬ್ಬವಲ್ದು. ಹೊಸಾ ಡಬ್ಬಿ ಕೊಡಸು ನಡಿ," ಎಂದ ಮಾವ. "ಆದ್ರ ಜಿಬಿ ಜಿಬಿ ಅಂತಾರಲ್ಲ, ಹಂಗಂದ್ರ ಏನಲೇ?"

ನಾನು ರಾಡು ಹಿಡಿದು ಕೂತಿದ್ದೆ, ಅವಸರದಲ್ಲಿದ್ದೆ. ನನಗಾದರೂ ಗೊತ್ತಿತ್ತೇನು? ಆದರೆ ಗೊತ್ತಿಲ್ಲ ಅನ್ನುವ ಜಾಯಮಾನ ನನ್ನದಲ್ಲ. "ಒಂದು ಜಿಬಿ ಅಂದ್ರ ಒಂದು ಸೇರು ತಿಳ್ಕೊ ಮಾವ" ಎಂದುಬಿಟ್ಟೆ.

ಅಲ್ಲಿಗೆ ಮುಗಿಯಿತು ನೋಡ್ರಿ! ಹುಲ್ಲಿನ ಬಣವೆಗೆ ನಾನೇ ಕಿಡಿ ಹಾರಿಸಿದಂತಾಯಿತು.

ಕೊಟ್ಟೂರಿನ ಅಂಗಡಿಗಳನ್ನು ಮಾವ ಅರ್ಧ ದಿನದಲ್ಲಿ ಮುಗಿಸಿದ. ಯಾರ ಸೇರೂ ಅವನಿಗೆ ಸರಿಬರಲಿಲ್ಲ. ಮರುದಿನ ನನ್ನ ಬೈಕಿನ ಹಿಂದೆ ಕೂತು ಹಗರಿಬೊಮ್ಮನಹಳ್ಳಿಗೆ ಹೊರಟ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಹೆಣ್ಣುಮಗಳು ಮೊಬೈಲ್ ಅಂಗಡಿ ಇಟ್ಟಿದ್ದಾಳೆ. ಜಾಣೆ, ಬಾಯಿ ಜೋರು. ಎರಡು ಡಬ್ಬಿ ತೆಗೆದು ಮುಂದಿಟ್ಟಳು.

"ನೋಡ್ರಿ ಯಜಮಾನ್ರ, ಈ ಕರೇದು ಅರವತ್ನಾಕು ಜಿಬಿ. ಹಾಡತೈತಿ, ಅಷ್ಟ. ಬ್ಯಾರೆ ಏನೂ ಬರಂಗಿಲ್ಲ. ಈ ಕೆಂಪುದು ಬರೇ ಎಂಟು ಜಿಬಿ, ಆದ್ರ ಸಕಲಕಲಾ ವಲ್ಲಭ!"

ಎಂಟು ಎಂಬ ಮಾತಿಗೇ ಮಾವನ ಮೂಗು ಮುದುಡಿತು. ಆದರೂ ಆಕೆ ಬಿಡಲಿಲ್ಲ. ಕೆಂಪು ಡಬ್ಬಿಯ ಗುಂಡಿ ಒತ್ತಿದಳು, ಬಣ್ಣಬಣ್ಣದ ದೀಪ ಹತ್ತಿದವು.

"ದೀಪ ಯಾಕವ್ವಾ? ಹಾಡು ಕತ್ತಲದಾಗ ಎಡವಿ ಬೀಳತೈತೇನು?"

"ನೀರಾಗ ಮುಳುಗಿಸಿದ್ರೂ ಹಾಡತೈತ್ರಿ."

"ನಾನು ಬೀಳಸಾಂವ ಮರಳಾಗ. ಮರಳಿಗೆ ಏನು ಮಾಡ್ಯಾರ?"

ಆಕೆ ಇನ್ನೊಂದು ಗುಂಡಿ ತೋರಿಸಿದಳು. "ಇದರ ಮುಂದ ನೀವು ಮಾತಾಡಿದ್ರ ಹಿಡಕೊಂಡು, ನಿಮಗೇ ತಿರುಗಿ ಹೇಳತೈತ್ರಿ" ಎಂದಳು.

"ಅಂಥಾವರು ನಮ್ಮ ಓಣ್ಯಾಗ ಭಾಳ ಮಂದಿ ಅದಾರ. ಪುಕ್ಕಟ!"

ಕೊನೆಗೆ ಬ್ಲೂಟೂತ್ ತೋರಿಸುತ್ತೇನೆಂದು ನನ್ನ ಫೋನನ್ನು ಆ ಡಬ್ಬಿಗೆ ಜೋಡಿಸಿದಳು. ನನ್ನ ಗ್ರಹಚಾರ, ಅದೇ ಗಳಿಗೆಗೆ ನನ್ನ ಹೆಂಡತಿಯ ಫೋನು ಬರಬೇಕೆ! ಅಂಗಡಿ ತುಂಬ ಮೊಳಗಿತು: "ಎಲ್ಲಿ ಅದೀರಿ? ಗೇಟಿನ ಮಂದಿ ಬಂದು ಕುಂತಾರ. ಆ ಹುಚ್ಚು ಮಾವನ ಜೋಡಿ ಊರೂರು ತಿರುಗಿ ನೀವೂ ಹುಚ್ಚಾಗ್ತೀರಿ, ನೋಡ್ರಿ ಮತ್ತ!"

ಅಂಗಡಿಗೆ ಬಂದಿದ್ದವರೆಲ್ಲ ತಿರುಗಿ ನೋಡಿದರು. ಮಾವ ಮಾತ್ರ ಮೆಚ್ಚಿ ತಲೆಯಾಡಿಸಿದ. "ಡಬ್ಬಿ ಸಣ್ಣದಾದ್ರೂ ಖರೇ ಮಾತಾಡತೈತಿ."

ಆದರೆ ಮಾವನ ಮನಸ್ಸು ಅರವತ್ನಾಲ್ಕು ಸೇರಿನ ಮೇಲೆಯೇ. "ಅಳತಿ ದೊಡ್ಡದಿರಬೇಕು, ಉಳಿದಿದ್ದೆಲ್ಲಾ ಬಣ್ಣ. ಕರೇದಕ್ಕ ಹಾಡು ತುಂಬವ್ವಾ," ಎಂದ. ಆಕೆ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ತೆರೆಯ ಮೇಲೆ ಜಾಗ ಎಷ್ಟಿದೆಯೆಂದು ಬಂತು. ಐವತ್ತೊಂಬತ್ತು.

ಮಾವ ಕನ್ನಡಕ ಏರಿಸಿದ. ಇಳಿಸಿದ. ಮತ್ತೆ ಏರಿಸಿದ.

"ಅರವತ್ನಾಕಂತ ಬರದು ಐವತ್ತೊಂಬತ್ತು ಅಳೀತೀಯೇನವ್ವಾ? ಐದು ಸೇರು ಎಲ್ಲಿ ಹೋತು?"

"ಅದು ಹಂಗೇ ಇರತೈತ್ರಿ. ಆ ಐದು ಡಬ್ಬೀನೇ ತಿಂತೈತಿ."

"ಸೇರಿಗೆ ಹಸಿವಾಗಿದ್ದು ಎಲ್ಲೆರ ಕಂಡೀಯಾ? ನಾನು ಒಂದು ಸೇರು ಮಂಡಕ್ಕಿ ಅಳೆದ್ರ ಮ್ಯಾಲೆ ಶಿಖರ ಏರಸ್ತೀನಿ. ಶಿಖರದ ಮ್ಯಾಲೆ ಒಂದು ಹಿಡಿ ಕೊಸರು ಹಾಕ್ತೀನಿ. ಕೊಸರು ಇಲ್ಲದ್ದು ಯಾಪಾರನ? ನೀನು ಕಂಠಮಟ್ಟಾನೂ ಕೊಡವಲ್ಲಿ!"

"ಜಿಬಿಗೆ ಎಲ್ಲೀ ಕೊಸರು ಯಜಮಾನ್ರ! ಬೇಕಾದ್ರ ಒಂದು ಇಯರ್‌ಫೋನ್ ಕೊಡ್ತೀನಿ."

"ಮಂಡಕ್ಕಿ ಕೇಳಿದವರಿಗೆ ಮೆಣಸಿನಕಾಯಿ ಕೊಟ್ರ ಅದು ಕೊಸರಲ್ಲ. ಹಾಡಿಗೆ ಹಾಡೇ ಕೊಸರು!"

ಜಗಳ ಹರಿಯಲಿಲ್ಲ, ಡಬ್ಬಿ ಕೊಳ್ಳಲಿಲ್ಲ. ವಾಪಸು ಬರುವ ದಾರಿಯುದ್ದಕ್ಕೂ ಕಂಪನಿಗಳ ಸೇರಿಗೆ ಸರ್ಕಾರದವರು ಮುದ್ರೆ ಒತ್ತಬೇಕೆಂದು ನನ್ನ ಬೆನ್ನಿಗೆ ಭಾಷಣ ಮಾಡಿದ.

ಇದಾಗಿ ವಾರಕ್ಕೆ ಹಿರೇಹಡಗಲಿಯಲ್ಲಿ ನಮ್ಮ ಸಂಬಂಧಿಕರ ಮದುವೆ. ಅವ್ವನೂ ಬಂದಿದ್ದಳು. ಅವ್ವ ಮಾವನಿಗೆ ಅಕ್ಕ, ಹತ್ತು ವರ್ಷ ದೊಡ್ಡವಳು. ಅಜ್ಜಿ ಹೊಲಕ್ಕೆ ಹೋದರೆ ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ಹಾಡಿ ಹಾಡಿ ದೊಡ್ಡವನನ್ನು ಮಾಡಿದವಳು. ಸೋಬಾನೆಗೆ ಅವ್ವ ಅಂದರೆ ಅವ್ವನೇ! ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಎಲ್ಲಿ ಹಂದರ ಹಾಕಿದರೂ "ಆಕೀನ ಕರಸ್ರಿ" ಅನ್ನುತ್ತಿದ್ದರು. ನಿಮಗೆಷ್ಟು ಹಾಡು ಬರುತ್ತವೆ ಎಂದು ಕೇಳಿದರೆ, "ಯಾರು ಎಣಿಸ್ಯಾರ? ಬಾಯಿ ತೆಗೆದ್ರ ಬರತಾವ" ಅನ್ನುತ್ತಿದ್ದಳು.

ಮದುಮಕ್ಕಳನ್ನು ಹಸೆಗೆ ಕೂಡಿಸಿದರು. ಆರತಿ ತಟ್ಟೆ ಬಂತು. "ಹಾಡಬೇ ದೊಡ್ಡಮ್ಮಾ" ಎಂದರು. ಅವ್ವ ಸೆರಗು ಹೊದ್ದು, ಕಣ್ಣು ಮುಚ್ಚಿ, ಎತ್ತಿದಳು ನೋಡ್ರಿ: ತೊಟ್ಟಿಲ ಪದ! ಕೂಸಿಗೆ ಹೆಸರಿಡುವಾಗ ಹಾಡುವುದು! ಮದುಮಗಳು ನಾಚಿ ನೆಲಕ್ಕಿಳಿದಳು. ನಕ್ಕು ನಕ್ಕು ಮದುಮಗನ ಬಾಸಿಂಗವೇ ಜಾರಿತು. "ದೊಡ್ಡಮ್ಮಗ ಅವಸರ ಭಾಳ ಐತಿ, ಒಂಬತ್ತು ತಿಂಗಳು ತಡಿಯಂಗಿಲ್ಲ!" ಎಂದು ಹಂದರವೇ ಹಾರಿಹೋಗುವಂತೆ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. "ನಮ್ಮವ್ವ ಅಡ್ವಾನ್ಸ್ ಬುಕಿಂಗ್ ಮಾಡ್ಯಾಳ್ರಪ್ಪೋ!" ಎಂದು ಕೂಗಿದ್ದೂ ನಾನೇ. ಅವ್ವನೂ ನಕ್ಕಳು, ಆದರೆ ಎಲ್ಲರೂ ಯಾಕೆ ನಗುತ್ತಿದ್ದಾರೆಂದು ಗೊತ್ತಿಲ್ಲದವರು ನಗುವ ಹಾಗೆ. ಹಿಂದಿನ ವಾರ ಅವ್ವ ಸಾರಿಗೆ ಎರಡು ಸಾರಿ ಉಪ್ಪು ಹಾಕಿದಾಗಲೂ ನಾವು ಹೀಗೇ ನಕ್ಕಿದ್ದೆವು.

ನಗದವನು ಒಬ್ಬನೇ. ಮಾವ. ಊಟದ ಪಂಕ್ತಿಯಲ್ಲಿ ಹೋಳಿಗೆ ಎಷ್ಟು ಸೇರು ಬೇಳೆಯದು ಎಂದೂ ಕೇಳಲಿಲ್ಲ. ಹೊಟ್ಟೆ ಕೆಟ್ಟಿರಬೇಕು ಅಂದುಕೊಂಡೆ.

ಅವ್ವ, ನನ್ನ ಹೆಂಡತಿ ಬಸ್ಸು ಹತ್ತಿದರು. ನಾವಿಬ್ಬರೂ ಬೈಕು. ಹಗರಿಬೊಮ್ಮನಹಳ್ಳಿ ಬಂತು. ಬಸ್ ಸ್ಟ್ಯಾಂಡ್ ಕಂಡದ್ದೇ ಮಾವ, "ಗಾಡಿ ನಿಲ್ಲಸು" ಎಂದ.

ಅಂಗಡಿಯಾಕೆ ನಮ್ಮನ್ನು ಕಂಡು ಕೈಮುಗಿದಳು. "ಯಜಮಾನ್ರ, ಆ ಐದು ಸೇರು ಇನ್ನೂ ಸಿಕ್ಕಿಲ್ರಿ!"

"ಅದು ಇರಲವ್ವಾ. ಕೆಂಪುದು ಕೊಡು. ಮಾತು ಹಿಡಕೊಳ್ಳತೈತಿ ಅಂದಿದ್ದೀಯಲ್ಲ, ಅದು."

ನಾನು ಬೆಚ್ಚಿಬಿದ್ದೆ. "ಮಾವ, ಅದು ಎಂಟೇ ಸೇರು! ನಿನ್ನ ಬಯಲಾಟ ಅರ್ಧಾನೂ ಹಿಡಿಯಂಗಿಲ್ಲ."

"ಗೊತ್ತೈತಿ."

"ಹಾಡು ಯಾವು ತುಂಬ್ಲಿ ಯಜಮಾನ್ರ?" ಎಂದಳು ಆಕೆ.

"ಏನೂ ಬ್ಯಾಡ. ಖಾಲಿ ಕೊಡು."

ಕಂಪ್ಯೂಟರಿಗೆ ಸಿಕ್ಕಿಸಿದರೆ ಎಂಟು ಅಂತ ಬರೆದದ್ದು ಏಳು ಚಿಲ್ಲರೆ ತೋರಿಸಿತು. ಮಾವ ನೋಡಿದ, ಜಗಳ ಆಡಲಿಲ್ಲ! ಕೊಸರು ಕೇಳಲಿಲ್ಲ! ಆಕೆ ಗಾಬರಿಯಾಗಿ ತಾನೇ ಇಯರ್‌ಫೋನ್ ತೆಗೆದುಕೊಟ್ಟಳು. ನನಗಂತೂ ಖಾತ್ರಿಯಾಯಿತು, ಮಾವನಿಗೆ ತನ್ನ ಧ್ವನಿ ತಾನೇ ಕೇಳುವ ಹೊಸ ಹುಚ್ಚು ಹಿಡಿದಿದೆ. ಇನ್ನು ಮಂಡಕ್ಕಿ ಭಾಷಣ ಕೇಳಿ ಉಬ್ಬಬೇಕು!

ಅದಾದ ಮೇಲೆ ಭಟ್ಟಿಯ ಮುಂದೆ ಹಾದುಹೋದಾಗಲೆಲ್ಲ ಕಿವಿಗೊಟ್ಟೆ. ಹಾಡಿಲ್ಲ, ಭಾಷಣವೂ ಇಲ್ಲ. ಬರೀ ಮರಳಿನ ಸದ್ದು. ಮಂಡಕ್ಕಿ ಮಾತ್ರ ಎಂದಿನಂತೆ ಉಬ್ಬುತ್ತಿತ್ತು. ಮಧ್ಯಾಹ್ನವಾದರೆ ಭಟ್ಟಿ ಆಳಿಗೆ ಬಿಟ್ಟು ಮಾವ ಎಲ್ಲೋ ಹೋಗುತ್ತಾನೆಂದು ತಿಳಿಯಿತು.

ಒಂದು ಮಧ್ಯಾಹ್ನ ಅಳೆಯುವ ಟೇಪು ಮರೆತು ಗೇಟಿನ ಅಳತೆಗೆ ಹೋಗಿದ್ದ ನಾನು ಅದನ್ನು ತರಲು ಮನೆಗೆ ಬಂದೆ. ಹಿತ್ತಲಲ್ಲಿ ಬೇವಿನ ನೆರಳಿಗೆ ಅವ್ವ ಮೊರ ಹಿಡಿದು ಜೋಳ ಹಸನು ಮಾಡುತ್ತ ಹಾಡುತ್ತಿದ್ದಳು. ಎದುರಿಗೆ ಮಾವ, ಒಂದು ಸೇರನ್ನು ಬೋರಲು ಹಾಕಿ ಅದರ ಮೇಲೆ ಕೆಂಪು ಡಬ್ಬಿ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಹಾಡು ನಡುವೆ ನಿಂತಿತು. ಅವ್ವನ ತುಟಿ ಅಲ್ಲಾಡುತ್ತಿದೆ, ಮಾತು ಸಿಗುತ್ತಿಲ್ಲ. ಮಾವ ಮೆಲ್ಲಗೆ ಮುಂದಿನ ಒಂದು ಮಾತು ಎತ್ತಿಕೊಟ್ಟ. ಒಂದೇ ಮಾತು. ಅವ್ವ ಅದನ್ನು ಹಿಡಿದು ಉಳಿದದ್ದನ್ನೆಲ್ಲ ಹಾಡಿದಳು. ಸೊಂಟದ ಮೇಲೆ ಕೂತು ಕೇಳಿದ್ದವನಲ್ಲವೇ, ಅವನಿಗೆ ಎಲ್ಲ ಬರುತ್ತಿತ್ತು.

ಹಾಡು ಮುಗಿದ ಮೇಲೆ ಹತ್ತಿರ ಹೋದೆ. ಏನಾದರೂ ಅನ್ನಬೇಕಲ್ಲ, "ನನ್ನ ಫೋನಿನ್ಯಾಗೂ ಹಿಡಿಬೌದಿತ್ತಲ್ಲ ಮಾವ" ಎಂದೆ.

"ನಿನ್ನ ಫೋನು ನಿನ್ನ ಜೋಡಿ ಅಂಗಡಿಗೆ ಹೋಗತೈತಿ," ಎಂದ. ಬೈದದ್ದಲ್ಲ. "ನೀನು ಅವ್ವನ ಮುಂದ ಎಷ್ಟೊತ್ತು ಕುಂದರ್ತೀ?"

ಕಣ್ಣಿಗೆ ನೀರು ಬಂತು. ವೆಲ್ಡಿಂಗ್ ಬೆಳಕು ಎಂದೆ. ಅವತ್ತು ನಾನು ವೆಲ್ಡಿಂಗ್ ಮಾಡಿರಲಿಲ್ಲ.

"ಅದಿರಲಿ, ಎಷ್ಟು ತುಂಬೈತಿ ನೋಡು. ನನಗ ಅದು ತಿಳಿಯವಲ್ದು," ಎಂದು ಡಬ್ಬಿಯ ಪುಟ್ಟ ತೆರೆ ತೋರಿಸಿ ನನ್ನ ಕೈಗಿಟ್ಟ. ನೋಡಿದೆ. ಇಷ್ಟು ದಿನದ್ದು ಸೇರಿಯೂ ಏನೇನೂ ಆಗಿರಲಿಲ್ಲ.

"ಅರ್ಧ ಪಾವೂ ಆಗಿಲ್ಲ ಮಾವ. ಏಳು ಸೇರು ಹಂಗೇ ಖಾಲಿ ಐತಿ."

ಮಾವನ ಮುಖ ಮಂಡಕ್ಕಿ ಅರಳಿದಂತೆ ಅರಳಿತು! "ಅಕ್ಕಾ, ಕೇಳಿದೇನು? ಜಾಗಾ ಭಾಳ ಐತಂತ! ಅವಸರ ಬ್ಯಾಡ, ಸಾವಕಾಶ ಹಾಡು. ಇವತ್ತಿಗೆ ಸಾಕು."

"ಸಾಕಂದ್ರ ಹೆಂಗಲೇ?" ಎಂದಳು ಅವ್ವ, ಮೊರ ಬದಿಗಿಟ್ಟು. "ಕೊಸರು ಬ್ಯಾಡೇನು?"

ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ ಎತ್ತಿದಳು. ಈಗಷ್ಟೇ ಹಾಡಿ ಮುಗಿಸಿದ್ದ ಅದೇ ಹಾಡು, ಮೊದಲಿಂದ.

ನಾನು ಬಾಯಿ ತೆರೆದೆ. ಮಾವ ನನ್ನ ಕೈ ಅದುಮಿ, ಇನ್ನೊಂದು ಕೈಯಿಂದ ಹಾಡು ಹಿಡಿಯುವ ಗುಂಡಿ ಒತ್ತಿದ.