ಒಂದು ಗಂಟೆ ದೂರದ ಅಳಿಯ

ಬೆಂಗಳೂರು ದೂರ ಎಂಬ ಒಂದೇ ಕಾರಣಕ್ಕೆ ಮಂಟಯ್ಯನಿಗೆ ಮೂರು ಮನೆಯವರು ಹೆಣ್ಣು ಕೊಟ್ಟಿರಲಿಲ್ಲ. ಅಲ್ಲಿಯ ವಿಮಾನದ ಕಾರ್ಖಾನೆಯಲ್ಲಿ ಅವನು ಫಿಟ್ಟರು. ತಾನೇ ಅನ್ನ ಸೀಯಿಸಿಕೊಂಡು ತಾನೇ ಉಣ್ಣುತ್ತಿದ್ದ. ಈಗ ಪಿರಿಯಾಪಟ್ಟಣದ ಬಸವಮ್ಮನ ಜಗಲಿಯಲ್ಲಿ, ಹೊಸ ರುಮಾಲು ಸುತ್ತಿ, ಪರೀಕ್ಷೆಗೆ ಕೂತವನ ಹಾಗೆ ಕೂತಿದ್ದ.

"ನಮ್ಮನೇಲಿ ಒಂದು ಕಟ್ಟಳೆ ಅದೆ ಕಣಪ್ಪ," ಎಂದಳು ಬಸವಮ್ಮ. "ತಾಯಿ ಬೆಳಿಗ್ಗೆ ಒಂಟು ಮಗಳ ಮೊಕ ನೋಡ್ಕಂಡು, ದೀಪ ಅಚ್ಚೋ ಒತ್ಗೆ ಮನೇಲಿರಬೇಕು. ಈ ಇದ್ದಿಲಲ್ಲಿ ಓಡೋ ಬಸ್ನಲ್ಲಿ ಮೈಸೂರು ಸೇರೋಕೇ ಅರ್ಧ ದಿನ. ನಿನ್ ಬೆಂಗ್ಳೂರು ಆಗಾಕಿಲ್ಲ ಬುಡು."

ಬಾಗಿಲ ಸಂದಿಯಲ್ಲಿ ಅವಳ ಮಗಳು ಚನ್ನಾಜಿಯ ಬಳೆ ಸದ್ದಾಯಿತು. ಮಂಟಯ್ಯನಿಗೆ ಧೈರ್ಯ ಬಂದುಬಿಟ್ಟಿತು.

"ವಿಮಾನದಲ್ಲಿ ಬಂದ್ರೆ ಒಂದೇ ಗಂಟೆ ಕಣವ್ವ."

ಹುಡುಗಿಯ ಸೋದರಮಾವ ನಂಜಣ್ಣ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದ. "ಒಂದ್ ಗಂಟೇಲಿ ನಮ್ಮೆತ್ತು ಕೆರೆ ದಾಟಾಕಿಲ್ಲ. ಸುಳ್ಳೇಳೋ ಅಳಿಯ ಬ್ಯಾಡ."

ಬೀದಿಯೆಲ್ಲ ಸೇರಿತು. ಕೊನೆಗೆ ಎಲ್ಲರೂ ಶಾಲೆಗೆ ನಡೆದರು, ಗೋಡೆಯ ಭೂಪಟದ ಮುಂದೆ ನಿಂತರು. ಎದುರುಮನೆಯ ದರ್ಜಿ ಇಮಾಮ್ ಸಾಬ್ ಕೊರಳ ಟೇಪು ತೆಗೆದು, ಶೇರ್ವಾನಿಗೆ ಅಳೆಯುವಷ್ಟು ಎಚ್ಚರದಿಂದ ಹುಣಸೂರು, ಮೈಸೂರು ಸುತ್ತಿಸಿ ಬೆಂಗಳೂರಿಗೆ ತಂದ.

"ಎಂಟು ಇಂಚು."

"ಅದು ರಸ್ತೆ, ಸಾಬ್ರೇ. ವಿಮಾನಕ್ಕೆ ರಸ್ತೆ ಯಾಕೆ? ನೇರ ಇಡಿ," ಎಂದ ಮಂಟಯ್ಯ.

ನೇರ ಇಟ್ಟರೆ ಏಳು ಇಂಚಿಗೆ ಒಂದೆಳೆ ಕಡಿಮೆ. ಭೂಪಟದ ಅಳತೆ ಇಂಚಿಗೆ ಹದಿನಾರು ಮೈಲಿ. ರಾತ್ರಿ ಶಾಲೆಯಲ್ಲಿ ಕಲಿತ ಗುಣಾಕಾರ ಕೈಕೊಟ್ಟೀತೆಂದು ಮಂಟಯ್ಯ ಮೂರು ಸಲ ಲೆಕ್ಕ ಮಾಡಿದ. ಮೂರು ಸಲವೂ ನೂರಹತ್ತರ ಹತ್ತಿರವೇ ಬಂತು. ವಿಮಾನದ ವೇಗವೂ ಗಂಟೆಗೆ ಅಷ್ಟೇ ಮೈಲಿ.

"ಕಾವೇರಿ ತುಂಬಿದ್ರೆ?" ಎಂದ ನಂಜಣ್ಣ.

"ಮೇಲೆ ಹೋಗುತ್ತೆ."

"ಬೆಟ್ಟ ಬಂದ್ರೆ?"

"ಇನ್ನೂ ಮೇಲೆ."

"ಇಳಿಯೋದೆಲ್ಲಿ?"

ಮಂಟಯ್ಯ ಕಿಟಕಿಯಾಚೆ ನೋಡಿದ. "ಎಮ್ಮೆ ಮೇಯೋ ಬಯಲಿದೆಯಲ್ಲ!"

ಇಮಾಮ್ ಸಾಬ್ ಟೇಪನ್ನು ಹೂವಿನ ಹಾರದಂತೆ ಮಂಟಯ್ಯನ ಕೊರಳಿಗೇ ಹಾಕಿದ. "ಹುಡುಗ ಗೆದ್ದ ಕಣ್ರೀ." ಜನ ಅವನನ್ನು ಗೆದ್ದ ಪೈಲ್ವಾನನಂತೆ ಜಗಲಿಗೆ ತಂದು ಕೂರಿಸಿದರು. ಬಾಗಿಲ ಸಂದಿಯ ಬಳೆ ಈ ಸಲ ಜೋರಾಗಿಯೇ ಸದ್ದು ಮಾಡಿತು.

"ಕೊಟ್ಟೆ ಕಣಪ್ಪ," ಎಂದಳು ಬಸವಮ್ಮ, ಕಣ್ಣೊರೆಸಿಕೊಳ್ಳುತ್ತ. "ಇಷ್ಟು ಅತ್ರ ಅಂತ ಗೊತ್ತೇ ಇರಲಿಲ್ಲ. ಒಂದೇ ಗಂಟೆ ಅಂದ್ಮೇಲೆ ನನ್ನ ಮಗಳು ಆ ಊರಿಗ್ಯಾಕೆ ಓಗಬೇಕು? ಅವಳು ಇಲ್ಲೇ ಇರ್ತಾಳೆ. ನೀವು ಬೆಳಿಗ್ಗೆ ರಾಗಿ ರೊಟ್ಟಿ ತಿಂದು ಕೆಲಸಕ್ಕೋಗಿ, ಸಂಜೆ ಬಂದು ಎಮ್ಮೆ ಕಟ್ರಿ."

"ಭೇಷ್," ಎಂದಿತು ಬೀದಿ.

ವಿಮಾನದ ತಿರುಪು ಬಿಗಿಯುವವನನ್ನು ವಿಮಾನದೊಳಗೆ ಕೂರಿಸುವುದಿಲ್ಲ ಎನ್ನಲು ಮಂಟಯ್ಯ ಬಾಯಿ ತೆರೆದ. ನಂಜಣ್ಣ ಅವನ ಸುಳ್ಳು ಹಿಡಿಯಲು ಕಾದು ಕೂತಿದ್ದ. ಮಂಟಯ್ಯ ತೆರೆದ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡ.

ಅಷ್ಟರಲ್ಲಿ ಮೈಸೂರಿಗೆ ಹೋಗುವ ಕೊನೆಯ ಬಸ್ಸು ಹಾರನ್ ಹೊಡೆಯುತ್ತ ಬೀದಿಯ ತುದಿಯಲ್ಲಿ ನಿಂತಿತು. ಮಂಟಯ್ಯ ಮಾರನೆಯ ಬೆಳಿಗ್ಗೆ ಏಳಕ್ಕೆ ಕಾರ್ಖಾನೆಯಲ್ಲಿರಬೇಕು. ಅವನು ಎದ್ದ. ಇಮಾಮ್ ಸಾಬ್ ಪ್ರೀತಿಯಿಂದ ಭುಜ ಒತ್ತಿ ಕೂರಿಸಿದ.

"ಕೂತ್ಕಳಿ ಅಳಿಯಂದ್ರೇ," ಎನ್ನುತ್ತ ನಂಜಣ್ಣ ಡ್ರೈವರಿನ ಕಡೆ ಕೈಬೀಸಿದ. "ಏಯ್, ನೀ ಓಗಪ್ಪ. ಇವರು ಬೆಳಿಗ್ಗೆ ಆರಕ್ಕೆ ಒರಡ್ತಾರೆ."