ಡಿಕ್ಕಿಯೊಳಗಿನ ಮಡಕಿ ಕಾಳು

ಮೊಳೆತ ಮಡಕಿ ಕಾಳಿನ ಬಾಲ ಅಕ್ಕಿಕಾಳಿನಷ್ಟು ಉದ್ದವಾಗಿ, ಸ್ಕೂಟರಿನ ಡಿಕ್ಕಿಯಲ್ಲಿದ್ದ ಇನ್ಶೂರೆನ್ಸ್ ಕಾಗದವನ್ನು ತೂರಿಕೊಂಡು ಆಚೆ ಬಂದಿತ್ತು. ತುದಿ ಬೆಳ್ಳಗೆ, ತುಸು ಡೊಂಕು. ಸರಿಯಾಗಿ ರುಜುವಿನ ಜಾಗದಲ್ಲೇ.

ಚಿತ್ತಾಪುರದ ರಸ್ತೆಯಲ್ಲಿ ನಮ್ಮ ಗಾಡಿ ತಡೆದ ಪೊಲೀಸರೊಬ್ಬರು ಆ ಒದ್ದೆ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಏನ್ರೀ ಇದು?”

“ಮಡಕಿ ಕಾಳು ರೀ ಸಾಹೇಬ್ರ. ಇನ್ನಾ ಎಳಿ ಅದಾವ. ಸಂಜಿಮುಂದ ಉಸಳಿ ಮಾಡಾಕ ಬರ್ತಾವ.”

“ನಾ ಕೇಳಿದ್ದು ಇನ್ಶೂರೆನ್ಸ್.”

“ಅದರ ಮ್ಯಾಲೇ ಅದಾವಲ್ರಿ.”

ಪೊಲೀಸರು ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದರು. “ಹೋಗ್ರಿ ಕಾಕಾ, ಮೊದಲ ಹೋಗ್ರಿ” ಎಂದರು. ಹಿಂದಿನ ಸೀಟಿನಲ್ಲಿದ್ದ ನಾನು ಅಷ್ಟರೊಳಗೆ ದುಪಟ್ಟಾವನ್ನು ಕಣ್ಣಿನ ತನಕ ಎಳೆದುಕೊಂಡಿದ್ದೆ.

ಗಾಡಿ ಓಡಿಸುತ್ತಿದ್ದವರು ನನ್ನ ಕಾಕಾ, ಅಪ್ಪನ ತಮ್ಮ. ರೈಲ್ವೆಯಿಂದ ನಿವೃತ್ತರಾಗಿ ವಾಡಿಯಲ್ಲೇ ಮನೆ ಮಾಡಿಕೊಂಡವರು. ವಾಡಿಯಲ್ಲಿ ಮೊಳಕೆ ಒಡೆಯದೆ ಉಳಿದಿರುವುದು ಎರಡೇ ಎಂದು ನನ್ನ ನಂಬಿಕೆ: ಒಂದು ಅಲ್ಲಿನ ಕಾರ್ಖಾನೆಯ ಸಿಮೆಂಟು, ಇನ್ನೊಂದು ಕಾಕಾನ ನೆತ್ತಿ. ಆ ಎರಡರ ಮೇಲೂ ಅವರು ಪ್ರಯತ್ನ ಮಾಡಿಲ್ಲ ಎಂದು ನಾನು ಆಣೆ ಮಾಡಿ ಹೇಳಲಾರೆ.

ಕಾಳುಗಳು ಡಿಕ್ಕಿಯಲ್ಲಿ ಏಕಿದ್ದವು ಎಂದು ಕೇಳುತ್ತೀರಾ? ಮೊಳಕೆಗೆ ಕತ್ತಲು ಬೇಕು, ಪಸೆ ಬೇಕು, ಹದವಾದ ಶಾಖ ಬೇಕು. ಈ ಮೂರೂ ಎಲ್ಲಿ ಒಟ್ಟಿಗೆ ಸಿಕ್ಕರೂ ಅಲ್ಲಿ ಕಾಕಾನ ಒಂದು ಕಾಳಿನ ಗಂಟು ಇರುತ್ತದೆ. ಫ್ರಿಜ್ಜಿನ ಹಿಂದೆ ಹುರುಳಿ, ಟೀವಿಯ ಸೆಟ್‌ಟಾಪ್ ಬಾಕ್ಸಿನ ಮೇಲೆ ಮೆಂತೆ, ಹೆಲ್ಮೆಟ್ಟಿನಲ್ಲಿ ಹೆಸರು. ಒಮ್ಮೆ ಸೇಡಂನಿಂದ ಬಂದಿದ್ದ ನನ್ನ ಅಪ್ಪ, ಅವಸರದಲ್ಲಿ ಗಂಟನ್ನು ತೆಗೆದಿಟ್ಟು ಅದೇ ಹೆಲ್ಮೆಟ್ ಹಾಕಿಕೊಂಡು ಸ್ಟೇಷನ್ನಿಗೆ ಹೋದರು. ಅಲ್ಲಿ ಅದನ್ನು ತೆಗೆದಾಗ ಕಿವಿಯ ಹಿಂದಿನಿಂದ ಹೆಸರುಕಾಳು ಉದುರಿದವು. ಅಪ್ಪ ಗಂಭೀರ ಮನುಷ್ಯ. ಅಂದಿನಿಂದ ತಮ್ಮನ ಮನೆಯಲ್ಲಿ ಅವರು ತಲೆಗೆ ಏನನ್ನೂ ಹಾಕಿಕೊಂಡಿಲ್ಲ.

ನಾನು ವಾಡಿಯಲ್ಲಿ ಏಕಿದ್ದೆ ಎಂಬುದನ್ನೂ ಹೇಳಬೇಕು. ಶಹಾಬಾದಿನ ಒಂದು ಮನೆಗೆ ನನ್ನನ್ನು ಕೊಡುವುದೆಂದು ನಿಶ್ಚಯವಾಗಿತ್ತು. ನಾನು ಬೇಡ ಎಂದೆ. ಏಕೆ ಎಂದು ಯಾರಿಗೂ ಹೇಳಲಿಲ್ಲ, ಬಾಯಿ ಬರಲಿಲ್ಲ. ಹುಡುಗನ ಕಡೆಯವರು ಇನ್ನೂ ಕಾಯುತ್ತಿದ್ದರು. “ಕಾರಣ ಹೇಳು. ಇಲ್ಲಂದ್ರ ತಾರೀಖ ಹಿಡಿಯೋದ” ಎಂದರು ಅಪ್ಪ. ಕೊನೆಗೆ, ಕೇಳಿ ತಿಳಿದುಕೊಳ್ಳುವ ಕೆಲಸವನ್ನು ತಮ್ಮನಿಗೆ ಒಪ್ಪಿಸಿ, ನನ್ನನ್ನು ವಾಡಿಗೆ ಕಳಿಸಿದರು.

ಆ ಕೆಲಸಕ್ಕೆ ಕಾಕಾನಷ್ಟು ಯೋಗ್ಯರು ನಮ್ಮ ಬಳಗದಲ್ಲೇ ಇಲ್ಲ. ಅವರು ವಾಡಿಯಲ್ಲಿ ರೈಲು ಹತ್ತಿದರೆ ಶಹಾಬಾದ್ ಬರುವುದರೊಳಗೆ ಎದುರು ಸೀಟಿನವರ ಪಗಾರ, ಅವರ ಮಾವನ ಬೇನೆ, ಅಣ್ಣತಮ್ಮಂದಿರು ಬೇರೆಯಾದ ಕಾರಣ, ಎಲ್ಲವೂ ಇವರ ಕೈಯಲ್ಲಿರುತ್ತವೆ. ಕಾಳುಗಳಿಗೂ ಇವರಿಂದ ಬಿಡುವಿಲ್ಲ. ಬಟ್ಟೆ ಸರಿಸಿ, ಬ್ಯಾಟರಿ ಹಾಕಿ ನೋಡುತ್ತಾರೆ. ಮುಚ್ಚುತ್ತಾರೆ. ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋಗಿ, ಮತ್ತೆ ಬಂದು ನೋಡುತ್ತಾರೆ.

“ಬಸರಿ ಹೆಣ್ಮಗಳ ಹೊಟ್ಟಿಗಿ ಹಿಂಗ ಬ್ಯಾಟರಿ ಹಿಡಿದ್ರ ಆಕಿ ಹಡೀತಾಳೇನ್ರಿ?” ಎನ್ನುತ್ತಾರೆ ಕಾಕು, ಅವರ ಹೆಂಡತಿ.

ಕಾಕು ಸಹನೆಯುಳ್ಳವರು. ಆದರೆ ಕಾಕಾ ಜೋಳದ ಕಾಳು ನೆನೆಹಾಕಿ, ಅದರ ಎಳೆ ಸಸಿಯನ್ನು ಕತ್ತರಿಸಿ ಕೋಸಂಬರಿ ಮಾಡುತ್ತೇನೆಂದು ಹೊರಟ ದಿನ ಅವರು ಬಟ್ಟಲು ಕಿತ್ತುಕೊಂಡರು.

“ಎಳಿ ಜೋಳದ ಸಸಿ ತಿಂದ್ರ ದನ ಸಾಯ್ತಾವ. ಸಣ್ಣ ಹುಡುಗರಿಗೂ ಗೊತ್ತದ.”

“ನಾ ಏನ್ ದನ ಏನು?”

ಕಾಕು ಉತ್ತರ ಕೊಡಲಿಲ್ಲ. ಆ ಮೌನ ಇಡೀ ಓಣಿಗೆ ಕೇಳಿಸಿತು.

ಇಂಥ ಮನುಷ್ಯ ನನ್ನನ್ನು ಎಂದು ಕೇಳುತ್ತಾರೋ ಎಂದು ನಾನು ದಿನವೂ ಕಾಯುತ್ತಿದ್ದೆ. ಹೇಳಲು ಒಂದು ವಾಕ್ಯವನ್ನೂ ಸಿದ್ಧಮಾಡಿಕೊಂಡಿದ್ದೆ. ಚಿಕ್ಕದು, ಸುಳ್ಳು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಕಾಕಾ ಗಂಟಲು ಸರಿಮಾಡಿಕೊಂಡರು.

“ಅಲ್ಲವ್ವಾ, ನಿನಗೊಂದು ಮಾತು ಕೇಳಬೇಕಂತ ಭಾಳ ದಿನದಿಂದ ಮಾಡ್ಲಿಕತ್ತೀನಿ. ಮನಸ್ಸಿನ್ಯಾಗ ಇದ್ದದ್ದು ಇದ್ದಂಗ ಹೇಳಬೇಕು.”

ನನ್ನ ಕೈ ರೊಟ್ಟಿಯ ಮೇಲೆ ನಿಂತಿತು.

“ಈ ಮೆಂತೆ, ಕಹಿ ಆಗ್ಯಾವ ಏನು?”

ಆಗಿದ್ದವು. ಇಲ್ಲ ಎಂದೆ. ಮರುಕ್ಷಣ ಇನ್ನೊಂದು ಮುಷ್ಟಿ ಮೆಂತೆ ನನ್ನ ತಟ್ಟೆಗೆ ಬಿತ್ತು.

ಹೀಗೆ ದಿನಗಳು ಕಳೆದವು. ಸುಲೇಪೇಟದ ಸಂತೆಯಿಂದ ಹೊಸ ಅಲಸಂದಿ ಬಂತು. ಚಿಂಚೋಳಿಯ ಕಡೆಯವರು ಯಾರೋ ಕೊಟ್ಟ ಕಪ್ಪು ಕಡಲೆಗೆ ಬಾಲ ಬಂತು. ಪ್ರಶ್ನೆ ಮಾತ್ರ ಬರಲಿಲ್ಲ.

ಒಂದು ಸಂಜೆ ಕಾಕಾ ಅಂಗಳದಲ್ಲಿ ಕಾಳು ತೊಳೆಯುತ್ತಿದ್ದಾಗ ಅಪ್ಪನ ಫೋನ್ ಬಂತು. ಕೈ ಒದ್ದೆಯಾಗಿದ್ದರಿಂದ ಸ್ಪೀಕರ್ ಹಾಕಿ ಕಟ್ಟೆಯ ಮೇಲಿಟ್ಟರು. ನಾನು ಅಡುಗೆಮನೆಯಲ್ಲಿದ್ದೆ. ಇಬ್ಬರ ದನಿಯೂ ಕೇಳುತ್ತಿತ್ತು.

“ಕೇಳಿದಿ ಏನು?” ಎಂದರು ಅಪ್ಪ.

“ಏನು ಕೇಳ್ಲಿ ಅಣ್ಣಾ?”

“ಆಕಿ ಯಾಕ ಬ್ಯಾಡ ಅಂದಾಳ ಅಂತ. ಲೋಕದ ಪಂಚಾಯಿತಿ ಎಲ್ಲಾ ನಿನಗ ಬೇಕು. ಇದೊಂದು ಕೇಳಾಕ ಏನು ಧಾಡಿ?”

“ಕೇಳಿಲ್ಲ. ಕೇಳಂಗೂ ಇಲ್ಲ.”

ನೀರು ಬಸಿಯುವ ಸಪ್ಪಳ ಕೇಳಿತು. ಮತ್ತೆ ಕಾಕಾನೇ ಮಾತಾಡಿದರು.

“ರೈಲಿನ್ಯಾಗಿನ ಮಂದಿ ಹೇಳಾಕ ಕಾಯ್ತಿರ್ತಾರ ಅಣ್ಣಾ, ಅದಕ್ಕ ಕೇಳ್ತೀನಿ. ಈಕಿ ಹಂಗಿಲ್ಲ. ನಾ ಬಾಯಿ ತೆಗದ್ರ ಸಾಕು, ಈಕಿ ತುತ್ತು ನಿಂದರತದ. ನೋಡೀನಿ. ಬ್ಯಾಡ ಅಂದಾಳ ಅಂದ್ರ ಬ್ಯಾಡ. ಕಾರಣ ನನಗೂ ಬೇಕಾಗಿಲ್ಲ, ನಿನಗೂ ಬೇಕಾಗಿಲ್ಲ. ಶಹಾಬಾದಿಗಿ ನೀ ಹೇಳ್ತಿಯೋ, ನಾ ಹೋಗಿ ಹೇಳಿ ಬರ್ಲ್ಯೋ?”

ಫೋನಿನಿಂದ ಅಪ್ಪನ ನಿಟ್ಟುಸಿರು ಕೇಳಿತು.

“ನೀ ಹೋಗಬ್ಯಾಡ. ಕಾಳು ತಗೊಂಡು ಹೋಗ್ತಿ. ನಾನೇ ಹೇಳ್ತೀನಿ.”

ನಾನು ಗೋಡೆಗೆ ಒರಗಿ ನಿಂತೆ. ಗುರುತಿಲ್ಲದವರ ಮಾವನ ಬೇನೆಯನ್ನೂ ತಿಳಿಯದೆ ಬಿಡಲಾರದ ಮನುಷ್ಯ, ತಮ್ಮದೇ ಮನೆಯಲ್ಲಿ, ದಿನಕ್ಕೆ ಎರಡು ಹೊತ್ತು ನನ್ನ ಎದುರು ಕುಳಿತು ಉಣ್ಣುತ್ತಾ, ಅಷ್ಟು ದಿನ ಹೇಗೆ ತಡೆದುಕೊಂಡರೋ.

ಮರುದಿನ ಬೆಳಿಗ್ಗೆ ಕಾಕು ಹಾಲು ತರಲು ಹೋದ ಮೇಲೆ ನಾನು ಅಂಗಳಕ್ಕೆ ಹೋಗಿ ಕಾಕಾನ ಪಕ್ಕದಲ್ಲಿ ಕಲ್ಲುಹಾಸಿನ ಮೇಲೆ ಕುಳಿತೆ. ಇನ್ನು ಕಾರಣ ಹೇಳುವ ಅಗತ್ಯವೇನೂ ಇರಲಿಲ್ಲ. ಹೇಳಿದೆ, ಮೊದಲಿನಿಂದ, ಒಂದನ್ನೂ ಬಿಡದೆ.