ಬಾಯಿಮಾತಿನ ಗವರ್ನರ್

೧೯೩೪ರಲ್ಲಿ ಪುಣೆಗೆ ಇಬ್ಬರು ಗವರ್ನರರಿದ್ದರು. ಒಬ್ಬರನ್ನು ವಿಲಾಯತಿಯಿಂದ ಕಳಿಸುತ್ತಿದ್ದರು. ಇನ್ನೊಬ್ಬರನ್ನು ಭವಾನಿ ಪೇಠೆಯ ಕನ್ನಡಿಗರ ಮಂಡಳಿ ಚುನಾಯಿಸುತ್ತಿತ್ತು. ಅಧ್ಯಕ್ಷನೆಂದರೆ ಯಾರೂ ಎದ್ದು ನಿಲ್ಲುವುದಿಲ್ಲವೆಂದು ಮಂಡಳಿಯು ಆ ಹುದ್ದೆಗೆ ಗವರ್ನರ್ ಎಂದೇ ನಾಮಕರಣ ಮಾಡಿತ್ತು. ಆತನ ಕೆಲಸ ಒಂದೇ: ಮಳೆಗಾಲ ಕಳೆಯಲು ಪುಣೆಗೆ ಬರುವ ವಿಲಾಯತಿ ಗವರ್ನರರಿಗೆ ಸ್ಟೇಶನ್ನಿನಲ್ಲಿ ಹಾರ ಹಾಕುವುದು.

ಆ ಹಾರಕ್ಕಾಗಿ ಬೆಲ್ಲದ ವ್ಯಾಪಾರಿ ಈರಬಸಪ್ಪ ಜೀವ ಬಿಡುತ್ತಿದ್ದ. ಉಣ್ಣೆಯ ಕೋಟು ಹೊಲಿಸಿ, ಅಂಗಡಿಯ ಕಂಬಕ್ಕೆ ಹಾರ ಹಾಕಿ ಹಾಕಿ ಕೈ ಪಳಗಿಸಿಕೊಂಡಿದ್ದ. ಎದುರಾಳಿ ಕರಾವಳಿಯ ಹೋಟೆಲ್ ಮಾಲೀಕ ಸಂಕಪ್ಪ. ಅವನು ಕೋಟು ಹೊಲಿಸಿರಲಿಲ್ಲ. ಮತದಾರರಿಗೆ ಕಾಫಿ ಕುಡಿಸಿದ್ದ.

ಗುಪ್ತ ಮತದಾನದಿಂದ ಜನರಲ್ಲಿ ಗುಟ್ಟು ಮಾಡುವ ದುರಭ್ಯಾಸ ಬೆಳೆಯುತ್ತದೆ. ಆದಕಾರಣ ಸದಸ್ಯರೂ ಅವರ ಹೆಂಡಂದಿರೂ ಸಭೆಯ ಎದುರು ವೇದಿಕೆಯ ಮೇಲೆ ನಿಂತು ಉಮೇದುವಾರನ ಹೆಸರನ್ನು ಬಾಯಿಬಿಟ್ಟು ಹೇಳತಕ್ಕದ್ದೆಂಬುದು ನಿಯಮ. ಎಲ್ಲರೂ ಹೇಳಿದ ಮೇಲೆ ಮತಗಳು ಸಮಸಮವಾದವು. ಸಂಕಪ್ಪನ ಹೆಂಡತಿ ಕರಾವಳಿಯ ಊರಲ್ಲೇ ಉಳಿದಿದ್ದಳು. ಉಳಿದದ್ದು ಈರಬಸಪ್ಪನ ಹೆಂಡತಿ ರುದ್ರವ್ವನ ಮತ ಒಂದೇ. ಈರಬಸಪ್ಪ ಎದ್ದು ಕೋಟಿನ ಗುಂಡಿ ಹಾಕಿಕೊಂಡ.

“ಹೆಸರು ಹೇಳ್ರಿ, ತಾಯಿ,” ಎಂದರು ಚುನಾವಣಾಧಿಕಾರಿ ಮಾರ್ತಾಂಡರಾಯರು.

ರುದ್ರವ್ವ ಸೆರಗು ಎಳೆದುಕೊಂಡು ಗಂಡನತ್ತ ಬೆರಳು ಮಾಡಿದಳು. “ನನ್ನ ಮತ ಇವರಿಗೇ ರೀ.”

“ಇವರು ಅನ್ನೋ ಉಮೇದುವಾರ ಯಾರೂ ಇಲ್ರಿ. ಬೆರಳೂ ನಡ್ಯೂದಿಲ್ಲ.”

“ಗಂಡನ ಹೆಸರು ಹೆಂಗ ಹೇಳ್ಲಿರಿ? ಅವರ ಆಯುಷ್ಯ ಕಡಿಮಿ ಆಗ್ತದ.”

ಸಭೆ ಗಂಭೀರವಾಗಿ ತಲೆಯಾಡಿಸಿತು. ಮದುವೆಮನೆಯಲ್ಲಿ ಪದ್ಯ ಕಟ್ಟಿ ಗಂಡನ ಹೆಸರು ಹೇಳುವಂತೆ ಇಲ್ಲಿಯೂ ಒಡಪು ಹಾಕಬಹುದೇ ಎಂದು ಅವಳೇ ಕೇಳಿದಳು.

“ಪದ್ಯ ಸಾಹಿತ್ಯ ಉಪಸಮಿತಿಗೆ ಹೋಗಬೇಕ್ರಿ,” ಎಂದರು ರಾಯರು. “ಆ ಸಮಿತಿ ಇನ್ನೂ ನೇಮಕ ಆಗಿಲ್ಲ.”

ಈರಬಸಪ್ಪನಿಗೆ ತಡೆಯಲಾಗಲಿಲ್ಲ. “ಒಮ್ಮಿ ಅಂದುಬಿಡ! ನಾ ಏನೂ ಸಾಯೂದಿಲ್ಲ.”

ರುದ್ರವ್ವನ ಕಣ್ಣಲ್ಲಿ ನೀರು ಬಂತು. “ಒಂದು ಹಾರದ ಸಲುವಾಗಿ ನಿಮ್ಮನ್ನ ಕಳಕೊಳ್ಳಲೇನು?”

ಹೆಸರು ಹೇಳದೆ ಯಾರೂ ವೇದಿಕೆ ಇಳಿಯತಕ್ಕದ್ದಲ್ಲ ಎಂಬ ನಿಯಮವನ್ನು ರಾಯರು ಓದಿದರು. ರುದ್ರವ್ವ ಯೋಚಿಸಿದಳು. ಉಮೇದುವಾರರಲ್ಲಿ ಅವಳು ಹೇಳಬಹುದಾದ ಹೆಸರು ಒಂದೇ ಇತ್ತು.

“ಸಂಕಪ್ಪ,” ಎಂದಳು.

ಚಪ್ಪಾಳೆಯಿಂದ ಸೂರು ಹಾರಿತು. “ಇಂಥ ಹೆಂಗಸು ಮನೆಯಲ್ಲಿದ್ದರೆ ಈರಬಸಪ್ಪನವರಿಗೆ ನೂರು ವರ್ಷ ಗ್ಯಾರಂಟಿ ಮಾರಾಯ್ರೆ!” ಎಂದು ಗೆದ್ದ ಸಂಕಪ್ಪನೇ ಕಣ್ಣೊರೆಸಿಕೊಂಡ. ‘ಪತ್ನೀಪರಾಜಿತ’ ಎಂಬ ಬಿರುದನ್ನು ಈರಬಸಪ್ಪನಿಗೆ ಸರ್ವಾನುಮತದಿಂದ ಕೊಟ್ಟು, ಟಾಂಗಾದಲ್ಲಿ ಕೂರಿಸಿ, ಬಾಜಾಬಜಂತ್ರಿಯೊಡನೆ ಪೇಠೆಯೆಲ್ಲ ಮೆರೆಸಿದರು. ಹೊಸ ಗವರ್ನರ್ ಸಂಕಪ್ಪ ಹಾರ ಹಿಡಿದು ಸ್ಟೇಶನ್ನಿಗೆ ಒಬ್ಬನೇ ನಡೆದು ಹೋದ. ಮೊದಮೊದಲು ಮುಖ ಗಂಟಿಕ್ಕಿದ್ದ ಈರಬಸಪ್ಪ ಎರಡನೆಯ ಓಣಿ ದಾಟುವಷ್ಟರಲ್ಲಿ ಎರಡೂ ಕಡೆ ಕೈಮುಗಿಯತೊಡಗಿದ್ದ.

ಮೆರವಣಿಗೆ ನೋಡಿದ ಉಳಿದ ಗಂಡಸರಿಗೆ ಕಸಿವಿಸಿಯಾಯಿತು. ತಮ್ಮ ಆಯುಷ್ಯದ ಬಗ್ಗೆ ಮನೆಯಲ್ಲಿ ಏನು ಅಭಿಪ್ರಾಯವಿದೆಯೆಂಬುದಕ್ಕೆ ಅವರ ಬಳಿ ಯಾವ ಪುರಾವೆಯೂ ಇರಲಿಲ್ಲ. ಮುಂದಿನ ಚುನಾವಣೆಗೆ ಎಲ್ಲ ಸದಸ್ಯರೂ ಅಂದೇ ಅರ್ಜಿ ಹಾಕಿದರು, ಹೆಂಡತಿಯ ಮತದಿಂದ ಸೋಲುವ ಷರತ್ತಿನ ಮೇಲೆ. ನಿಯಮಗಳಲ್ಲಿ ಇದಕ್ಕೆ ಅಡ್ಡಿಯೇನೂ ಇಲ್ಲವೆಂದು ಮಾರ್ತಾಂಡರಾಯರು ಅರ್ಜಿಗಳನ್ನು ಸ್ವೀಕರಿಸಿದರು. ಗೆಲ್ಲುವುದಕ್ಕೆ ಮಾತ್ರ ಯಾರೂ ಒಪ್ಪಲಿಲ್ಲವಾದ್ದರಿಂದ, ಆ ಕೆಲಸಕ್ಕೆ ಯೋಗ್ಯನಾದ ಬ್ರಹ್ಮಚಾರಿಯೊಬ್ಬನನ್ನು ಹುಡುಕಿ ತರುವ ಅಧಿಕಾರವನ್ನು ಸಭೆಯು ಅವರಿಗೇ ವಹಿಸಿತು.